ಸಿಇಟಿ, ನೀಟ್, ಜೆಇಇ: ಇರುವ ಸ್ವಲ್ಪ ಹೊತ್ತನ್ನು ಯಾವುದಕ್ಕೆ ಕೊಡಲಿ?

ಪ್ರಶ್ನೆ: ನಾನು ಸಿಂಧನೂರಿನಲ್ಲಿ ದ್ವಿತೀಯ ಪಿಯುಸಿ ವಿಜ್ಞಾನ ವಿಭಾಗದಲ್ಲಿ ಓದುತ್ತಿದ್ದೇನೆ. ಭೌತಶಾಸ್ತ್ರ, ರಸಾಯನಶಾಸ್ತ್ರ, ಗಣಿತ, ಜೀವಶಾಸ್ತ್ರ ನನ್ನ ವಿಷಯಗಳು. ನಮ್ಮದು ಎಡದಂಡೆ ಕಾಲುವೆಯ ಹಳ್ಳಿ, ಅಪ್ಪ ಭತ್ತ ಬೆಳೆಯುತ್ತಾರೆ. ಹತ್ತನೆಯ ತರಗತಿಯವರೆಗೆ ಊರಿನ ಸರ್ಕಾರಿ ಶಾಲೆಯಲ್ಲಿ ಕನ್ನಡ ಮಾಧ್ಯಮದಲ್ಲಿ ಓದಿದೆ, ಈಗ ಹಾಸ್ಟೆಲ್‌ನಲ್ಲಿದ್ದೇನೆ. ಪ್ರಥಮ ಪಿಯುಸಿಯಲ್ಲಿ ಗಣಿತಕ್ಕೆ 91, ಜೀವಶಾಸ್ತ್ರಕ್ಕೆ 83, ರಸಾಯನಶಾಸ್ತ್ರಕ್ಕೆ 78, ಭೌತಶಾಸ್ತ್ರಕ್ಕೆ 74 ಅಂಕ ಬಂದವು. ಊರಿನಲ್ಲಿ ಒಬ್ಬ ಲೇಡಿ ಡಾಕ್ಟರ್ ಇಲ್ಲ, ನೀನು ನೀಟ್ ಬರೆದು ಡಾಕ್ಟರ್ ಆಗಬೇಕು ಎಂದು ಅಪ್ಪ ಹೇಳುತ್ತಾರೆ. ರಾಯಚೂರಿಗೇ ಐಐಐಟಿ (ಭಾರತೀಯ ಮಾಹಿತಿ ತಂತ್ರಜ್ಞಾನ ಸಂಸ್ಥೆ) ಬಂದಿದೆ, ಎಂಜಿನಿಯರಿಂಗ್‌ನ ರಾಷ್ಟ್ರಮಟ್ಟದ ಪರೀಕ್ಷೆ ಜೆಇಇ ಬರೆದರೆ ನಮ್ಮ ಭಾಗದವರಿಗೆ ಸುಲಭವಾಗಿ ಸೀಟು ಸಿಗುತ್ತದೆ ಎನ್ನುತ್ತಾರೆ ಸೋದರಮಾವ. ಗೆಳತಿಯರು ಖಾಸಗಿ ಎಂಜಿನಿಯರಿಂಗ್ ಕಾಲೇಜುಗಳ ಪರೀಕ್ಷೆ ಕಾಮೆಡ್‌-ಕೆಗೂ ಓದುತ್ತಿದ್ದಾರೆ. ಸಿಇಟಿಯದೂ ಸೇರಿ ನಾಲ್ಕರ ಪುಸ್ತಕಗಳನ್ನೂ ತೆರೆದಿಟ್ಟುಕೊಂಡು ಒಂದನ್ನೂ ಮುಗಿಸಲಾಗುತ್ತಿಲ್ಲ. ಸಂಜೆಯವರೆಗೆ ಕಾಲೇಜು, ಆಮೇಲೆ ಟ್ಯೂಷನ್, ರಾತ್ರಿ ರೆಕಾರ್ಡ್ ಬರೆಯುವುದು, ವಾರಕ್ಕೊಂದು ಟೆಸ್ಟ್. ಕಾಲೇಜಿಗೆ ಹೋಗುವುದನ್ನು ಕಡಿಮೆ ಮಾಡಿ ಪ್ರವೇಶ ಪರೀಕ್ಷೆಗೇ ಓದು ಎಂದು ಕೆಲವರು ಹೇಳುತ್ತಾರೆ. ಗಣಿತ ಮಾಡಲು ಕುಳಿತರೆ ನನಗೆ ಊಟದ ಗಂಟೆ ಹೊಡೆದದ್ದೂ ಕೇಳುವುದಿಲ್ಲ, ಜೀವಶಾಸ್ತ್ರವನ್ನು ಮಾತ್ರ ಬಾಯಿಪಾಠ ಮಾಡುತ್ತೇನೆ. ಯಾವ ಪರೀಕ್ಷೆಗೆ ಗಮನ ಕೊಡಲಿ, ಸರ್?

ಉತ್ತರ: ನಿನ್ನ ಪತ್ರದಲ್ಲಿ ಅಪ್ಪನ ಆಸೆ ಇದೆ, ಮಾವನ ಲೆಕ್ಕಾಚಾರ ಇದೆ, ಗೆಳತಿಯರ ಓಟ ಇದೆ. ನಿನ್ನ ಮನಸ್ಸು ಕಾಣಿಸುವುದು ಊಟದ ಗಂಟೆಯ ಆ ಸಾಲಿನಲ್ಲಿ. ಅದನ್ನು ಇಟ್ಟುಕೊಂಡೇ ಉತ್ತರಿಸುತ್ತೇನೆ.

ದ್ವಿತೀಯ ಪಿಯುಸಿ ಮತ್ತು ರಾಜ್ಯದ ವೃತ್ತಿಪರ ಕೋರ್ಸುಗಳ ಪ್ರವೇಶ ಪರೀಕ್ಷೆಯಾದ ಸಿಇಟಿಯನ್ನು ಒಂದೇ ಓದು ಎಂದು ತಿಳಿದುಕೋ. ಈ ವರ್ಷದ ನಿನ್ನ ಮುಖ್ಯ ಕೆಲಸ ಅದು. ಅದರ ಜೊತೆಗೆ ಇನ್ನೊಂದು ಪರೀಕ್ಷೆಗೆ ಮಾತ್ರ ಜಾಗವಿದೆ. ನಿನ್ನ ವಿಷಯದಲ್ಲಿ ಅದು ಜೆಇಇ ಮೇನ್ ಆಗಬಹುದು, ಆದರೆ ಅದನ್ನು ಇಂದೇ ತೀರ್ಮಾನಿಸಬೇಡ, ದಸರಾ ರಜೆಯಲ್ಲಿ ತೀರ್ಮಾನಿಸು. ನೀಟ್‌ ಅನ್ನು ಬಿಡು ಎಂಬುದು ನನ್ನ ಸಲಹೆ. ಕಾಮೆಡ್‌-ಕೆಗೆ ಪ್ರತ್ಯೇಕ ಓದು ಬೇಕಿಲ್ಲ.

ಹೀಗೇಕೆ ಹೇಳುತ್ತೇನೆ ಎಂದು ಬಿಡಿಸಿ ಬರೆಯುತ್ತೇನೆ. ಮನೆಯಲ್ಲಿ ನೀನು ಇದನ್ನು ವಿವರಿಸಬೇಕಾಗುತ್ತದೆ.

ಎಂಜಿನಿಯರಿಂಗ್ ರ‍್ಯಾಂಕ್ ಪಟ್ಟಿಯನ್ನು ಕರ್ನಾಟಕ ಪರೀಕ್ಷಾ ಪ್ರಾಧಿಕಾರ ಎರಡು ಅರ್ಧಗಳನ್ನು ಕೂಡಿಸಿ ಮಾಡುತ್ತದೆ. ಭೌತಶಾಸ್ತ್ರ, ರಸಾಯನಶಾಸ್ತ್ರ, ಗಣಿತ ಮೂರರಲ್ಲಿ ದ್ವಿತೀಯ ಪಿಯುಸಿಯಲ್ಲಿ 300ಕ್ಕೆ ಬಂದ ಅಂಕಗಳನ್ನು 50ಕ್ಕೆ ಇಳಿಸಲಾಗುತ್ತದೆ. ಅದೇ ಮೂರು ವಿಷಯಗಳಲ್ಲಿ ಸಿಇಟಿಯಲ್ಲಿ 180ಕ್ಕೆ ಬಂದದ್ದನ್ನೂ 50ಕ್ಕೆ ಇಳಿಸಲಾಗುತ್ತದೆ. ಪಿಯುಸಿಯಲ್ಲಿ 270 ತೆಗೆದವಳಿಗೆ 45 ಬರುತ್ತದೆ. ಸಿಇಟಿಯಲ್ಲಿ 90 ತೆಗೆದರೆ 25. ಒಟ್ಟು 70. ಈಗ ಕಾಲೇಜು ಬಿಟ್ಟು ಓದಿದವಳನ್ನು ಊಹಿಸಿಕೋ. ಸಿಇಟಿಯಲ್ಲಿ ಅವಳು 102ಕ್ಕೆ ಏರುತ್ತಾಳೆ, ಪಿಯುಸಿಯಲ್ಲಿ 240ಕ್ಕೆ ಇಳಿಯುತ್ತಾಳೆ. ಮೊದಲನೆಯದರಿಂದ 28.33, ಎರಡನೆಯದರಿಂದ 40, ಒಟ್ಟು 68.33. ಸಿಇಟಿಯಲ್ಲಿ ಹನ್ನೆರಡು ಪ್ರಶ್ನೆ ಹೆಚ್ಚು ಸರಿ ಮಾಡಿಯೂ ಅವಳು ರ‍್ಯಾಂಕ್‌ನಲ್ಲಿ ಹಿಂದೆ ಬಿದ್ದಳು. ಕಾಲೇಜಿಗೆ ಹೋಗಬೇಡ ಎನ್ನುವವರು ಈ ಲೆಕ್ಕವನ್ನು ಮಾಡಿ ನೋಡಿರುವುದಿಲ್ಲ. ಆ ಮಾತು ಕೇಳಿ ಅರ್ಧ ವರ್ಷ ಕಳೆದುಕೊಂಡ ಮಕ್ಕಳನ್ನು ನೋಡಿ ನನಗೆ ನಿಜಕ್ಕೂ ಸಿಟ್ಟು ಬರುತ್ತದೆ.

ಇದೇ ಲೆಕ್ಕದಲ್ಲಿ ಇನ್ನೊಂದು ವಿಷಯ ಇದೆ. ಪಿಯುಸಿಯ 10 ಅಂಕಗಳು ರ‍್ಯಾಂಕ್‌ಗೆ ಎಷ್ಟು ತರುತ್ತವೆಯೋ ಸಿಇಟಿಯ 6 ಪ್ರಶ್ನೆಗಳೂ ಅಷ್ಟೇ ತರುತ್ತವೆ. ಪಿಯುಸಿಯಲ್ಲಿ ನೂರಕ್ಕೆ ತೊಂಬತ್ತರ ಹತ್ತಿರ ಬಂದ ಮೇಲೆ ಅಲ್ಲಿ ಉಳಿದಿರುವ ಜಾಗ ಕಡಿಮೆ. 270ರಿಂದ 285ಕ್ಕೆ ಏರಿದರೆ ಎರಡೂವರೆ ಅಂಕ ಸೇರುತ್ತದೆ. ಸಿಇಟಿಯಲ್ಲಿ 90ರಿಂದ 120ಕ್ಕೆ ಏರಿದರೆ ಎಂಟಕ್ಕಿಂತ ಹೆಚ್ಚು ಸೇರುತ್ತದೆ. ಆದ್ದರಿಂದ ಮೊದಲು ಪಾಠವನ್ನು ಗಟ್ಟಿ ಮಾಡಿಕೊಂಡು ಪಿಯುಸಿಯನ್ನು ಆ ಮಟ್ಟಕ್ಕೆ ತರಬೇಕು, ಅಲ್ಲಿಂದ ಮುಂದೆ ಸಿಇಟಿಯ ಅಭ್ಯಾಸಕ್ಕೆ ಹೆಚ್ಚು ಹೊತ್ತು ಕೊಡಬೇಕು. ನಿನ್ನ ಪ್ರಥಮ ಪಿಯುಸಿಯ ಮೂರು ವಿಷಯಗಳ ಮೊತ್ತ 243. ಗಣಿತದಲ್ಲಿ ನೀನು ಆ ಮಟ್ಟವನ್ನು ಮುಟ್ಟಿದ್ದೀಯ. ಭೌತಶಾಸ್ತ್ರ ಮತ್ತು ರಸಾಯನಶಾಸ್ತ್ರದಲ್ಲಿ ಇನ್ನೂ ಇಲ್ಲ. ಡಿಸೆಂಬರ್‌ವರೆಗೆ ಆ ಎರಡರ ಕೆಲಸ ಕಾಲೇಜಿನ ಪಾಠದಲ್ಲೇ ಇದೆ.

ರೆಕಾರ್ಡ್ ಬರೆಯುವುದು ನಿನಗೆ ಹೊತ್ತು ಹಾಳು ಎನಿಸಿರಬಹುದು. ಪ್ರಯೋಗಾಲಯವಿರುವ ವಿಷಯಗಳಲ್ಲಿ 100ರಲ್ಲಿ 30 ಅಂಕ ಪ್ರಾಯೋಗಿಕದ್ದು. ಪ್ರಯೋಗ ಮಾಡಿದ ದಿನ ರಾತ್ರಿಯೇ ರೆಕಾರ್ಡ್ ಮುಗಿಸಿದರೆ ಅರ್ಧ ಗಂಟೆಯ ಕೆಲಸ, ಗುಡ್ಡೆ ಹಾಕಿಕೊಂಡರೆ ಜನವರಿಯಲ್ಲಿ ಒಂದು ವಾರವನ್ನೇ ನುಂಗುತ್ತದೆ.

ಪಾಠ ಬೇರೆ, ಪ್ರವೇಶ ಪರೀಕ್ಷೆ ಬೇರೆ ಎಂಬ ಭಾವನೆಯೇ ನಿನ್ನ ನಾಲ್ಕು ತೆರೆದ ಪುಸ್ತಕಗಳಿಗೆ ಕಾರಣ. ಕರ್ನಾಟಕದ ಪಿಯು ವಿಜ್ಞಾನ ವಿಷಯಗಳಿಗೆ ಎನ್‌ಸಿಇಆರ್‌ಟಿ ಪಠ್ಯಪುಸ್ತಕವೇ ಆಧಾರ. ನೀಟ್, ಜೆಇಇಗಳೂ ಬಹುಪಾಲು ಅದೇ ನೆಲದ ಮೇಲೆ ನಿಂತಿವೆ. ವಿದ್ಯುತ್ ಪ್ರವಾಹದ ಅಧ್ಯಾಯದ ವೀಟ್‌ಸ್ಟನ್ ಬ್ರಿಡ್ಜ್ ತೆಗೆದುಕೋ. ಪಿಯುಸಿ ಪರೀಕ್ಷೆ ಏನು ಕೇಳುತ್ತದೆ? ಕಿರ್ಚಾಫ್ ನಿಯಮ ಬಳಸಿ ಸಮತೋಲನದ ನಿಬಂಧನೆಯನ್ನು ಸಾಧಿಸು ಎನ್ನುತ್ತದೆ. ನೀನು ಚಿತ್ರ ಬರೆದು, ಪ್ರವಾಹಗಳನ್ನು ಗುರುತಿಸಿ, ಎರಡು ಕುಣಿಕೆಗಳಿಗೆ ಸಮೀಕರಣ ಬರೆದು, ಗ್ಯಾಲ್ವನೋಮೀಟರ್ ಪ್ರವಾಹವನ್ನು ಸೊನ್ನೆ ಮಾಡಿ, ನಾಲ್ಕು ರೋಧಗಳ ಅನುಪಾತಕ್ಕೆ ಬರುತ್ತೀಯ. ಸಿಇಟಿ ಮೂರು ತೋಳುಗಳ ರೋಧ ಕೊಟ್ಟು ನಾಲ್ಕನೆಯದನ್ನು ಕೇಳುತ್ತದೆ. ನೀಟ್ ಒಂದು ಗೋಜಲಿನಂತೆ ಕಾಣುವ ಜಾಲವನ್ನು ಕೊಡುತ್ತದೆ, ಅದರೊಳಗೆ ಸಮತೋಲನದಲ್ಲಿರುವ ಬ್ರಿಡ್ಜ್ ಅಡಗಿದೆ ಎಂದು ಗುರುತಿಸಿದವರಿಗೆ ಅದು ಒಂದು ನಿಮಿಷದ ಲೆಕ್ಕ. ಜೆಇಇ ಬ್ರಿಡ್ಜನ್ನು ಸಮತೋಲನ ತಪ್ಪಿಸಿ ಕೊಟ್ಟು, ಮಧ್ಯದ ತಂತಿಯಲ್ಲಿ ಎಷ್ಟು ಪ್ರವಾಹ ಎಂದು ಕೇಳಬಹುದು. ಆಗ ಸಿದ್ಧ ಅನುಪಾತ ನೆರವಿಗೆ ಬರುವುದಿಲ್ಲ, ಪಿಯುಸಿಗಾಗಿ ಬರೆದ ಅದೇ ಕುಣಿಕೆಗಳ ಸಮೀಕರಣ ಬೇಕು. ಪಿಯುಸಿಯ ಆ ಉತ್ತರವನ್ನು ಅರ್ಥ ಮಾಡಿಕೊಂಡು ಕೈಯಾರೆ ಬರೆದವಳು ನಾಲ್ಕೂ ಕಡೆ ಉಳಿದುಕೊಳ್ಳುತ್ತಾಳೆ. ಅನುಪಾತವನ್ನು ಮಾತ್ರ ಬಾಯಿಪಾಠ ಮಾಡಿದವಳು ಸಿಇಟಿಯ ಸುಲಭ ಪ್ರಶ್ನೆಯಲ್ಲಿ ಗೆದ್ದು ಉಳಿದ ಕಡೆ ಸಿಕ್ಕಿಬೀಳುತ್ತಾಳೆ.

ಹಾಗಾದರೆ ಪರೀಕ್ಷೆಗಳ ನಡುವೆ ವ್ಯತ್ಯಾಸ ಎಲ್ಲಿದೆ? ಹೆಚ್ಚಿನದು ಒಂದು ಪ್ರಶ್ನೆಗೆ ಸಿಗುವ ಹೊತ್ತಿನಲ್ಲಿ ಮತ್ತು ತಪ್ಪು ಉತ್ತರದ ದಂಡದಲ್ಲಿದೆ. ಸಿಇಟಿಯಲ್ಲಿ ಪ್ರತಿ ವಿಷಯಕ್ಕೆ 60 ಪ್ರಶ್ನೆ, 80 ನಿಮಿಷ. ತಪ್ಪಿಗೆ ಅಂಕ ಕಳೆಯುವುದಿಲ್ಲ, ಆದ್ದರಿಂದ ಒಂದು ಪ್ರಶ್ನೆಯನ್ನೂ ಖಾಲಿ ಬಿಡಬಾರದು. ನೀಟ್‌ನಲ್ಲಿ 180 ಪ್ರಶ್ನೆಗೆ 180 ನಿಮಿಷ, ಸರಿಯಾದರೆ 4 ಅಂಕ, ತಪ್ಪಾದರೆ 1 ಕಳೆಯುತ್ತದೆ. ಜೆಇಇ ಮೇನ್‌ನಲ್ಲಿ ಮೂರು ಗಂಟೆಗೆ 75 ಪ್ರಶ್ನೆ, ಅಂದರೆ ಒಂದಕ್ಕೆ ಸುಮಾರು ಎರಡೂವರೆ ನಿಮಿಷ, ಅಲ್ಲಿಯೂ ತಪ್ಪಿಗೆ ಅಂಕ ಹೋಗುತ್ತದೆ. ಬೇಗ ನೆನಪಿಸಿಕೊಳ್ಳುವವರಿಗೆ ನೀಟ್ ಒಗ್ಗುತ್ತದೆ. ಒಂದು ಲೆಕ್ಕದ ಜೊತೆ ಹಟ ಹಿಡಿದು ಕೂರುವವರಿಗೆ ಜೆಇಇ ಒಗ್ಗುತ್ತದೆ. ನೀನು ಎರಡನೆಯ ಬಗೆಯವಳು ಎಂದು ನಿನ್ನ ಪತ್ರವೇ ಹೇಳುತ್ತದೆ.

ಈಗ ಅಪ್ಪನ ಮಾತಿಗೆ ಬರುತ್ತೇನೆ. ಅದನ್ನು ಹಗುರವಾಗಿ ತೆಗೆದುಕೊಳ್ಳಬೇಡ. ಊರಿನಲ್ಲಿ ವೈದ್ಯೆ ಇಲ್ಲದ್ದು ನಮ್ಮ ಭಾಗದ ಹೆಣ್ಣುಮಕ್ಕಳು ದಿನವೂ ಅನುಭವಿಸುವ ಕಷ್ಟ. ಹೆರಿಗೆ ನೋವಿನಲ್ಲಿ ತಾಲ್ಲೂಕು ಕೇಂದ್ರದವರೆಗೆ ವಾಹನ ಹುಡುಕಿದ ಮನೆಯವರಿಗೆ ಅದು ಗೊತ್ತು. ರಾಯಚೂರು, ಕೊಪ್ಪಳ, ಬಳ್ಳಾರಿ ಮೂರೂ ಕಡೆ ಸರ್ಕಾರಿ ವೈದ್ಯಕೀಯ ಕಾಲೇಜುಗಳಿರುವುದರಿಂದ ಮನೆಯ ಹತ್ತಿರವೇ ಓದಿಸಬಹುದು ಎಂಬ ಆಸೆಯೂ ಅವರಿಗೆ ಇರಬಹುದು. ಆದರೆ ಎಂಬಿಬಿಎಸ್‌ಗೆ ನೀಟ್ ಒಂದೇ ಬಾಗಿಲು. 720 ಅಂಕಗಳಲ್ಲಿ 360 ಜೀವಶಾಸ್ತ್ರದ್ದು. ಗಣಿತಕ್ಕೆ ಅಲ್ಲಿ ಒಂದು ಅಂಕವೂ ಇಲ್ಲ. ಪಿಯುಸಿಯ ಅಂಕಗಳು ಅರ್ಹತೆಗೆ ಮಾತ್ರ ಬೇಕು, ರ‍್ಯಾಂಕ್‌ಗೆ ಸೇರುವುದಿಲ್ಲ. ನಿನ್ನ ಬಲವಾದ ವಿಷಯವನ್ನು ಹೊರಗಿಟ್ಟು, ಬಾಯಿಪಾಠ ಮಾಡುವ ವಿಷಯಕ್ಕೆ ಅರ್ಧ ತೂಕ ಕೊಡುವ ಪರೀಕ್ಷೆ ಅದು. ದೇಶದಾದ್ಯಂತ ವರ್ಷಕ್ಕೆ 20 ಲಕ್ಷಕ್ಕೂ ಹೆಚ್ಚು ಮಕ್ಕಳು ಅದನ್ನು ಬರೆಯುತ್ತಾರೆ, ಅವರಲ್ಲಿ ಬಹಳಷ್ಟು ಮಂದಿ ಜೀವಶಾಸ್ತ್ರವನ್ನು ಪ್ರೀತಿಯಿಂದ ಓದಿದವರು, ಎರಡನೆಯ ಮೂರನೆಯ ಸಲ ಬರೆಯುವವರು. ಅವರ ಜೊತೆ ಸ್ಪರ್ಧಿಸುವುದು ನಿನಗೆ ಆಗದ ಕೆಲಸ ಎಂದು ನಾನು ಹೇಳುವುದಿಲ್ಲ. ಅದಕ್ಕೆ ಮುಂದಿನ ಎಲ್ಲ ತಿಂಗಳುಗಳ ಹೊತ್ತೂ ಬೇಕು, ಗಣಿತಕ್ಕೆ ಏನೂ ಉಳಿಯುವುದಿಲ್ಲ.

ಅಪ್ಪನ ಜೊತೆ ಮಾತನಾಡುವಾಗ “ನನಗೆ ಡಾಕ್ಟರ್ ಆಗುವುದು ಬೇಡ” ಎಂದು ಶುರು ಮಾಡಬೇಡ. ಮೇಲಿನ ಲೆಕ್ಕವನ್ನು ಕಾಗದದ ಮೇಲೆ ಬರೆದು ತೋರಿಸು. ಒಂದು ಭಾನುವಾರ ಅವರ ಎದುರಿಗೇ ಹಳೆಯ ನೀಟ್ ಪ್ರಶ್ನೆಪತ್ರಿಕೆಯ ಜೀವಶಾಸ್ತ್ರ ಭಾಗವನ್ನು ಗಡಿಯಾರ ಇಟ್ಟುಕೊಂಡು ಮಾಡು, ನೀನು ಓದಿ ಮುಗಿಸಿದ ಅಧ್ಯಾಯಗಳ ಪ್ರಶ್ನೆಗಳನ್ನು ಮಾತ್ರ ಲೆಕ್ಕಕ್ಕೆ ತೆಗೆದುಕೋ. ಅವುಗಳಲ್ಲಿ ನೂರಕ್ಕೆ ಎಂಬತ್ತು ಸರಿ ಬಂದು, ಇನ್ನೂ ಮಾಡಬೇಕು ಎಂದು ನಿನಗೆ ಅನಿಸಿದರೆ ನನ್ನ ಸಲಹೆಯನ್ನು ಬದಿಗಿಟ್ಟು ನೀಟ್ ಆರಿಸಿಕೋ. ಆಗ ಜೆಇಇಯನ್ನು ಪೂರ್ತಿ ಮರೆತುಬಿಡಬೇಕು. ಎರಡನ್ನೂ ಹಿಡಿದುಕೊಳ್ಳುತ್ತೇನೆ ಎಂದರೆ ನಾನು ಒಪ್ಪುವುದಿಲ್ಲ. ಈ ವರ್ಷ ಆಗದಿದ್ದರೆ ಮುಂದಿನ ವರ್ಷ ಲಾಂಗ್ ಟರ್ಮ್ ಕೋಚಿಂಗ್ ಎಂದು ಈಗಲೇ ಮನಸ್ಸಿನಲ್ಲಿ ಇಟ್ಟುಕೊಂಡು ಓದುವುದೂ ಬೇಡ, ಅದು ಈ ವರ್ಷದ ಓದನ್ನು ಸಡಿಲಗೊಳಿಸುತ್ತದೆ.

ಮಾವನ ಮಾತಿನಲ್ಲಿ ಒಂದು ತಪ್ಪು ತಿಳಿವಳಿಕೆ ಇದೆ, ಅದು ನಮ್ಮ ಭಾಗದಲ್ಲಿ ಬಹಳ ಮನೆಗಳಲ್ಲಿದೆ. ಸಂವಿಧಾನದ 98ನೆಯ ತಿದ್ದುಪಡಿಯಿಂದ ಬಂದ 371(ಜೆ) ವಿಧಿ ಬೀದರ್, ಕಲಬುರಗಿ, ಯಾದಗಿರಿ, ರಾಯಚೂರು, ಕೊಪ್ಪಳ, ಬಳ್ಳಾರಿ ಮತ್ತು ಈಗ ವಿಜಯನಗರ ಜಿಲ್ಲೆಯ ಸ್ಥಳೀಯರಿಗೆ ಅನ್ವಯಿಸುತ್ತದೆ. ಪರೀಕ್ಷಾ ಪ್ರಾಧಿಕಾರ ಹಂಚುವ ಸೀಟುಗಳಲ್ಲಿ ಈ ಭಾಗದ ಸಂಸ್ಥೆಗಳಲ್ಲಿ ಶೇ 70, ರಾಜ್ಯದ ಉಳಿದೆಡೆ ಶೇ 8 ನಮ್ಮವರಿಗೆ ಮೀಸಲು. ಆದರೆ ರಾಯಚೂರಿನ ಐಐಐಟಿ ರಾಷ್ಟ್ರಮಟ್ಟದ ಸಂಸ್ಥೆ. ಜೆಇಇ ಮೇನ್ ರ‍್ಯಾಂಕ್ ಮೇಲೆ ಇಡೀ ದೇಶದ ಮಕ್ಕಳಿಗೆ ಅಲ್ಲಿನ ಸೀಟು ಹಂಚಿಕೆಯಾಗುತ್ತದೆ, 371(ಜೆ) ಅಲ್ಲಿ ನಡೆಯುವುದಿಲ್ಲ. ಕಟ್ಟಡ ರಾಯಚೂರಿನಲ್ಲಿದೆ ಎಂಬ ಕಾರಣಕ್ಕೆ ರಾಯಚೂರಿನ ಹುಡುಗಿಗೆ ಒಂದು ಅಂಕದ ರಿಯಾಯಿತಿಯೂ ಇಲ್ಲ. ಜೆಇಇ ಮೇನ್‌ ಮೂಲಕವೇ ಸೇರುವ ಸುರತ್ಕಲ್‌ನ ಎನ್‌ಐಟಿಯಲ್ಲಿ (ರಾಷ್ಟ್ರೀಯ ತಂತ್ರಜ್ಞಾನ ಸಂಸ್ಥೆ) ಕರ್ನಾಟಕದವರಿಗೆಂದು ಅರ್ಧ ಸೀಟುಗಳಿವೆ, ಅದು ರಾಜ್ಯದವರೆಲ್ಲರಿಗೂ ಸೇರಿದ್ದು.

ಇದರ ಅರ್ಥ ಜೆಇಇ ಬೇಡ ಎಂದಲ್ಲ. ಸ್ಥಳೀಯ ಮೀಸಲಾತಿಯ ನಂಬಿಕೆಯಿಂದ ಅದನ್ನು ಆರಿಸಿಕೊಳ್ಳಬೇಡ ಎನ್ನುತ್ತಿದ್ದೇನೆ. ನಿನ್ನ ಕೈಯಲ್ಲಿರುವ ದೊಡ್ಡ ಬಲ ಸಿಇಟಿಯ ಕಡೆಗಿದೆ. 371(ಜೆ) ಅಲ್ಲದೆ, ಒಂದರಿಂದ ಹತ್ತನೆಯ ತರಗತಿಯವರೆಗೆ ಗ್ರಾಮೀಣ ಪ್ರದೇಶದಲ್ಲಿ ಓದಿದವರಿಗೆ ಶೇ 15, ಕನ್ನಡ ಮಾಧ್ಯಮದಲ್ಲಿ ಓದಿದವರಿಗೆ ಶೇ 5 ಮೀಸಲು ಅಲ್ಲಿದೆ. ನಿನಗೆ ಮೂರೂ ಅನ್ವಯಿಸುತ್ತವೆ. ಕಾಲುವೆ ಹಳ್ಳಿಯ ಸರ್ಕಾರಿ ಶಾಲೆಯಿಂದ ಬಂದವಳಿಗೆ ಕಾನೂನು ಕೊಟ್ಟಿರುವ ಹಕ್ಕು ಇದು, ಸಂಕೋಚಪಡದೆ ಬಳಸಿಕೋ.

ಜೆಇಇ ನಿನಗೆ ಸರಿಯೇ ಎಂದು ತಿಳಿಯಲು ದಸರಾ ರಜೆ ಒಳ್ಳೆಯ ಸಮಯ. ಅಷ್ಟರೊಳಗೆ ದ್ವಿತೀಯ ಪಿಯುಸಿಯ ಒಂದು ದೊಡ್ಡ ಭಾಗ ಮುಗಿದಿರುತ್ತದೆ, ಜೆಇಇ ಮೇನ್‌ನ ಜನವರಿ ಅಧಿವೇಶನದ ಅರ್ಜಿಯೂ ಸಾಮಾನ್ಯವಾಗಿ ಆ ಆಸುಪಾಸಿನಲ್ಲೇ ಬರುತ್ತದೆ. ಹಳೆಯ ಜೆಇಇ ಮೇನ್ ಪತ್ರಿಕೆಯೊಂದರ ಗಣಿತದ 25 ಪ್ರಶ್ನೆಗಳನ್ನು ಎದುರಿಗಿಟ್ಟುಕೊ. ಗಡಿಯಾರ ಬೇಡ. ನೀನು ಓದಿರುವ ಅಧ್ಯಾಯಗಳಿಂದ ಬಂದ ಪ್ರಶ್ನೆಗಳಲ್ಲಿ ಅರ್ಧದಷ್ಟನ್ನಾದರೂ ಯಾರ ಸಹಾಯವೂ ಇಲ್ಲದೆ ಬಿಡಿಸಿದರೆ ಮುಂದುವರಿ. ಭೌತಶಾಸ್ತ್ರದಲ್ಲಿ ಮೂರರಲ್ಲಿ ಒಂದು ಬಂದರೂ ಸದ್ಯಕ್ಕೆ ಸಾಕು. ಇದು ತರಗತಿಯಲ್ಲಿ ಮಕ್ಕಳನ್ನು ನೋಡುತ್ತಾ ನಾನು ಮಾಡಿಕೊಂಡ ಅಳತೆ, ಯಾವ ನಿಯಮವೂ ಅಲ್ಲ. ಅಂಕಗಳಿಗಿಂತ ಮುಖ್ಯವಾದದ್ದು ಇನ್ನೊಂದಿದೆ: ಬರದೇ ಉಳಿದ ಪ್ರಶ್ನೆಗಳಿಗೆ ಮರುದಿನ ನೀನಾಗಿಯೇ ಮರಳಿ ಹೋಗುತ್ತೀಯಾ, ಇಲ್ಲವಾ? ಹೋದರೆ ಜೆಇಇ ನಿನ್ನ ಎರಡನೆಯ ಪರೀಕ್ಷೆ. ಹೋಗದಿದ್ದರೆ ಅದನ್ನು ಅಲ್ಲಿಗೇ ಬಿಟ್ಟು ಆ ಹೊತ್ತನ್ನು ಭೌತಶಾಸ್ತ್ರಕ್ಕೆ ಕೊಡು, ಸಿಇಟಿಯಲ್ಲಿ ಅದರ ಫಲ ಕಾಣುತ್ತದೆ.

ಜನವರಿ ಅಧಿವೇಶನದ ಬಗ್ಗೆ ಎಚ್ಚರಿಕೆ ಬೇಕು. ಕಾಲೇಜಿನ ಪೂರ್ವಸಿದ್ಧತಾ ಪರೀಕ್ಷೆ, ಪ್ರಾಯೋಗಿಕ ಪರೀಕ್ಷೆ ಎಲ್ಲವೂ ಆ ದಿನಗಳ ಹತ್ತಿರದಲ್ಲೇ ಬೀಳುತ್ತವೆ. ಎರಡು ಅಧಿವೇಶನಗಳಲ್ಲಿ ಬರೆದರೆ ಉತ್ತಮವಾದದ್ದನ್ನೇ ಪರಿಗಣಿಸುತ್ತಾರೆ, ಆದ್ದರಿಂದ ಜನವರಿಯದನ್ನು ಪರೀಕ್ಷಾ ಕೊಠಡಿಯ ಅನುಭವಕ್ಕೆಂದು ಬರೆಯಬಹುದು, ಅದಕ್ಕಾಗಿ ಕಾಲೇಜಿನ ಒಂದು ದಿನವನ್ನೂ ಬಿಡಬೇಡ. ನಿನ್ನ ನಿಜವಾದ ಪ್ರಯತ್ನ ಏಪ್ರಿಲ್‌ನದು. ದ್ವಿತೀಯ ಪಿಯುಸಿಯ ಮೊದಲ ಪರೀಕ್ಷೆ ಮಾರ್ಚ್‌ನಲ್ಲಿ ಮುಗಿದಿರುತ್ತದೆ, ಓದಿದ್ದೆಲ್ಲವೂ ಹಸಿಯಾಗಿ ನೆನಪಿನಲ್ಲಿರುತ್ತದೆ. ಎನ್‌ಐಟಿ, ಐಐಐಟಿ ಪ್ರವೇಶಕ್ಕೂ ಸಾಮಾನ್ಯ ವರ್ಗದವರಿಗೆ ಹನ್ನೆರಡನೆಯ ತರಗತಿಯಲ್ಲಿ ಶೇ 75 ಅಂಕ ಅಥವಾ ಬೋರ್ಡಿನ ಮೇಲಿನ ಶೇ 20ರೊಳಗಿನ ಸ್ಥಾನ ಬೇಕು ಎಂಬ ನಿಯಮ ಇದೆ. ಅಲ್ಲಿಯೂ ಪಿಯುಸಿಯನ್ನು ಕಡೆಗಣಿಸುವ ಹಾಗಿಲ್ಲ.

ನಿನ್ನ ಪತ್ರದಲ್ಲಿ ಯಾರೂ ಹೇಳದ ಒಂದು ದಾರಿಯನ್ನು ನಾನು ಹೇಳಬೇಕು. ನಿಮ್ಮ ಮನೆಯ ಮುಂದಿನ ಗದ್ದೆಯೇ ಅದನ್ನು ನೆನಪಿಸಿತು. ತುಂಗಭದ್ರಾ ಅಚ್ಚುಕಟ್ಟಿನಲ್ಲಿ ಸವಳು-ಜವಳು ಎಷ್ಟು ಭೂಮಿಯನ್ನು ಕೆಡಿಸಿದೆ ಎಂಬುದು ನಿಮ್ಮ ಅಪ್ಪನಿಗೆ ನನಗಿಂತ ಚೆನ್ನಾಗಿ ಗೊತ್ತು. ನೀರು ಹೆಚ್ಚಾಗಿ ನಿಂತು, ಕೆಳಗಿನ ಉಪ್ಪು ಮೇಲೇರಿ, ಒಂದು ಕಾಲದಲ್ಲಿ ಚೆನ್ನಾಗಿ ಬೆಳೆದ ಹೊಲ ಬಿಳಿಯಾಗುತ್ತದೆ. ನೆಲದಡಿ ಕೊಳವೆ ಹಾಕಿ ಆ ನೀರನ್ನು ಎಷ್ಟು ಆಳದಲ್ಲಿ, ಎಷ್ಟು ಅಂತರದಲ್ಲಿ ಬಸಿಯಬೇಕು ಎಂಬುದು ಶುದ್ಧ ಲೆಕ್ಕದ ಕೆಲಸ. ಗಂಗಾವತಿಯ ಕೃಷಿ ಸಂಶೋಧನಾ ಕೇಂದ್ರದಲ್ಲಿ ಸವಳು ಭೂಮಿಯ ಮೇಲೆ ಸಂಶೋಧನೆ ನಡೆಯುತ್ತದೆ. ರಾಯಚೂರು ಕೃಷಿ ವಿಜ್ಞಾನಗಳ ವಿಶ್ವವಿದ್ಯಾಲಯದಲ್ಲಿ ಕೃಷಿ ಎಂಜಿನಿಯರಿಂಗ್ ಕಾಲೇಜು ಇದೆ, ಬಿ.ಎಸ್ಸಿ ಕೃಷಿಗೆ ರಾಯಚೂರು, ಗಂಗಾವತಿ, ಕಲಬುರಗಿ, ಭೀಮರಾಯನಗುಡಿಯಲ್ಲಿ ಕಾಲೇಜುಗಳಿವೆ. ಇವೆಲ್ಲಕ್ಕೂ ದಾರಿ ಸಿಇಟಿಯೇ. ಬಿ.ಎಸ್ಸಿ ಕೃಷಿಗೆ ಜೀವಶಾಸ್ತ್ರ ಬೇಕು, ಕೃಷಿ ಎಂಜಿನಿಯರಿಂಗ್‌ಗೆ ಗಣಿತ ಬೇಕು, ನಿನ್ನಲ್ಲಿ ಎರಡೂ ಇವೆ. ಕೃಷಿಕರ ಮಕ್ಕಳ ಕೋಟಾದಡಿ ಅರ್ಜಿ ಹಾಕಿದವರಿಗೆ ಪ್ರತ್ಯೇಕ ಪ್ರಾಯೋಗಿಕ ಪರೀಕ್ಷೆಯೂ ಇರುತ್ತದೆ, ಬೀಜ, ಗೊಬ್ಬರ, ಸಲಕರಣೆಗಳನ್ನು ಗುರುತಿಸುವಂಥದ್ದು. ನಾಟಿ, ಕಳೆ, ಕೊಯ್ಲು ಕಂಡು ಬೆಳೆದ ಹುಡುಗಿಗೆ ಅದಕ್ಕೆ ಕೋಚಿಂಗ್ ಬೇಡ.

ಈ ಕಾರಣಕ್ಕೇ, ನೀಟ್ ಬಿಟ್ಟರೂ ಜೀವಶಾಸ್ತ್ರವನ್ನು ಬಿಡಬೇಡ. ಸಿಇಟಿಯಲ್ಲಿ ನಾಲ್ಕೂ ವಿಷಯಗಳನ್ನು ಬರೆ. ಪಶುವೈದ್ಯಕೀಯ, ನರ್ಸಿಂಗ್, ಫಾರ್ಮಸಿ ಎಲ್ಲಕ್ಕೂ ಆ ಬಾಗಿಲು ತೆರೆದಿರುತ್ತದೆ. ಜನರ ಆರೋಗ್ಯಕ್ಕೆ ದುಡಿಯಬೇಕು ಎಂಬ ಅಪ್ಪನ ಆಸೆಗೆ ಎಂಬಿಬಿಎಸ್ ಒಂದೇ ರೂಪ ಎಂದು ತಿಳಿಯಬೇಕಾಗಿಲ್ಲ.

ದಿನಚರಿಯ ಮಾತು. ಕಾಲೇಜು, ಟ್ಯೂಷನ್, ಊಟ, ನಿದ್ದೆ ಕಳೆದರೆ ನಿನಗೆ ವಾರದ ದಿನಗಳಲ್ಲಿ ಎರಡೂವರೆ ಗಂಟೆ ಉಳಿಯುತ್ತದೆ ಎಂದು ಇಟ್ಟುಕೊಳ್ಳೋಣ. ಮೊದಲು ಟ್ಯೂಷನ್ ನೋಡು. ನಾಲ್ಕೂ ವಿಷಯಕ್ಕೆ ಹೋಗುತ್ತಿದ್ದರೆ ಗಣಿತ ಮತ್ತು ಜೀವಶಾಸ್ತ್ರದ್ದನ್ನು ನಿಲ್ಲಿಸು, ಭೌತಶಾಸ್ತ್ರವನ್ನು ಇಟ್ಟುಕೊ. ತರಗತಿಯಲ್ಲಿ ಕೇಳಿದ್ದನ್ನೇ ಸಂಜೆ ಮತ್ತೆ ಕೇಳುವುದಕ್ಕಿಂತ ಒಂದು ಸಲ ನೀನೇ ಬರೆಯುವುದು ಹೆಚ್ಚು ಕೊಡುತ್ತದೆ. ರಾತ್ರಿ ಮೊದಲ ಒಂದು ಗಂಟೆ ಅಂದಿನ ಪಾಠಕ್ಕೆ, ಪುಸ್ತಕ ಮುಚ್ಚಿ ಬರೆಯಬೇಕು. ಆಮೇಲೆ ಅದೇ ಅಧ್ಯಾಯದ ಇಪ್ಪತ್ತು ಬಹುಆಯ್ಕೆ ಪ್ರಶ್ನೆಗಳು, ಒಂದಕ್ಕೆ 80 ಸೆಕೆಂಡ್ ಲೆಕ್ಕದಲ್ಲಿ. ಉಳಿದ ಹೊತ್ತು ತಪ್ಪಾದವುಗಳಿಗೆ. ತಪ್ಪುಗಳ ನೋಟ್‌ಬುಕ್‌ನಲ್ಲಿ ಪ್ರತಿ ತಪ್ಪಿನ ಎದುರು ಕಾರಣ ಬರೆ: ಗೊತ್ತಿರಲಿಲ್ಲವೋ, ಗೊತ್ತಿದ್ದೂ ಅವಸರದಲ್ಲಿ ತಪ್ಪಿತೋ, ಪ್ರಶ್ನೆಯ ಇಂಗ್ಲಿಷ್ ಅರ್ಥವಾಗಲಿಲ್ಲವೋ. ಕನ್ನಡ ಮಾಧ್ಯಮದಿಂದ ಬಂದವರಲ್ಲಿ ಮೂರನೆಯ ಕಾರಣ ನಾವು ಅಂದುಕೊಂಡದ್ದಕ್ಕಿಂತ ಹೆಚ್ಚು ಸಲ ಬರುತ್ತದೆ, ಅದಕ್ಕೆ ಬುದ್ಧಿಯ ಕೊರತೆ ಕಾರಣವಲ್ಲ, ಅಭ್ಯಾಸದಿಂದ ಕೆಲವೇ ತಿಂಗಳಲ್ಲಿ ಸರಿಹೋಗುತ್ತದೆ. ನೀಟ್, ಜೆಇಇ ಎರಡನ್ನೂ ಕನ್ನಡದಲ್ಲಿ ಬರೆಯುವ ಅವಕಾಶ ಇದೆ. ಎರಡು ವರ್ಷ ಇಂಗ್ಲಿಷ್ ಪಾರಿಭಾಷಿಕ ಪದಗಳಲ್ಲಿ ಓದಿದ ಮೇಲೆ ಕನ್ನಡದ ಪದಗಳು ನಿನಗೆ ಹತ್ತಿರವೋ ದೂರವೋ ಎಂದು ಒಂದು ಹಳೆಯ ಪತ್ರಿಕೆಯಲ್ಲಿ ನೋಡಿಕೊಂಡೇ ಮಾಧ್ಯಮವನ್ನು ಆರಿಸು.

ಭಾನುವಾರದ ಬೆಳಗ್ಗೆ ಪ್ರಥಮ ಪಿಯುಸಿಗೆ. ಇದನ್ನು ಒತ್ತಿ ಹೇಳುತ್ತೇನೆ. ಸಿಇಟಿಯಲ್ಲಿ ಎರಡೂ ವರ್ಷದ ಪಾಠ ಇರುತ್ತದೆ. ಒಳ್ಳೆಯ ಪಿಯುಸಿ ಅಂಕ ತೆಗೆದ ಮಕ್ಕಳು ಸಿಇಟಿಯಲ್ಲಿ ಜಾರುವುದು ಬಹಳ ಸಲ ಇಲ್ಲೇ: ಚಲನೆ, ಉಷ್ಣಗತಿಶಾಸ್ತ್ರ, ಪರಮಾಣು ರಚನೆ, ತ್ರಿಕೋನಮಿತಿ ಎಲ್ಲವನ್ನೂ ಒಂದು ವರ್ಷ ಮುಟ್ಟಿರುವುದಿಲ್ಲ. ವಾರಕ್ಕೆ ಎರಡು ಅಧ್ಯಾಯ ಹಿಡಿದರೆ ಫೆಬ್ರುವರಿಯೊಳಗೆ ಒಂದು ಸುತ್ತು ಮುಗಿಯುತ್ತದೆ. ಭಾನುವಾರದ ಮಧ್ಯಾಹ್ನ ಜೆಇಇಗೆ, ಅದನ್ನು ಆರಿಸಿಕೊಂಡಿದ್ದರೆ. ಮಾರ್ಚ್ ಮುಗಿದ ಮೇಲೆ ಸಿಇಟಿಯ ಹಳೆಯ ಪತ್ರಿಕೆಗಳನ್ನು ಅದರದೇ ಹೊತ್ತಿನಲ್ಲಿ ಮಾಡು, ಬೆಳಗ್ಗೆ ಹತ್ತೂವರೆಗೆ ಒಂದು, ಮಧ್ಯಾಹ್ನ ಎರಡೂವರೆಗೆ ಒಂದು. ನಮ್ಮ ಏಪ್ರಿಲ್ ಮಧ್ಯಾಹ್ನದ ಬಿಸಿಲಿನಲ್ಲಿ ತಲೆ ಹೇಗೆ ಓಡುತ್ತದೆ ಎಂಬುದನ್ನು ಪರೀಕ್ಷೆಯ ದಿನ ಮೊದಲ ಬಾರಿಗೆ ಕಂಡುಕೊಳ್ಳುವುದು ಬೇಡ. ಹಳೆಯ ಪತ್ರಿಕೆಗಳಲ್ಲಿ ಈಗ ಕೈಬಿಟ್ಟಿರುವ ಅಧ್ಯಾಯಗಳ ಪ್ರಶ್ನೆಗಳೂ ಇರುತ್ತವೆ, ಈ ವರ್ಷದ ಪಠ್ಯಕ್ರಮವನ್ನು ಪಕ್ಕದಲ್ಲಿಟ್ಟು ಅವನ್ನು ಹೊಡೆದುಹಾಕು. 2024ರ ಸಿಇಟಿಯಲ್ಲಿ ಪಠ್ಯಕ್ರಮದ ಹೊರಗಿನ ಪ್ರಶ್ನೆಗಳು ಬಂದು 50 ಪ್ರಶ್ನೆಗಳನ್ನು ಮೌಲ್ಯಮಾಪನದಿಂದ ಕೈಬಿಡಬೇಕಾಯಿತು ಎಂಬುದು ನಿನಗೆ ನೆನಪಿರಬಹುದು. ಅಂಥ ಪ್ರಶ್ನೆ ಎದುರಾದರೂ ಗಾಬರಿಯಾಗದೆ ಒಂದು ಉತ್ತರ ಗುರುತಿಸಿ ಮುಂದೆ ಹೋಗಬೇಕು.

ಕಾಮೆಡ್‌-ಕೆ ಖಾಸಗಿ ಎಂಜಿನಿಯರಿಂಗ್ ಕಾಲೇಜುಗಳ ಪರೀಕ್ಷೆ. 180 ಪ್ರಶ್ನೆ, ಮೂರು ಗಂಟೆ, ತಪ್ಪಿಗೆ ಅಂಕ ಕಳೆಯುವುದಿಲ್ಲ, ರ‍್ಯಾಂಕ್‌ಗೆ ಪಿಯುಸಿ ಅಂಕ ಸೇರುವುದಿಲ್ಲ, ಪತ್ರಿಕೆ ಇಂಗ್ಲಿಷ್‌ನಲ್ಲಿ. ಸಿಇಟಿಗೆ ಓದಿದವಳು ಅದನ್ನು ಬರೆಯಬಲ್ಲಳು. ಆದರೆ ಅದರ ಮೂಲಕ ಸಿಗುವ ಸೀಟಿನ ಶುಲ್ಕ ಸಿಇಟಿಯ ಸರ್ಕಾರಿ ಸೀಟಿಗಿಂತ ಬಹಳ ಹೆಚ್ಚು. ಅಷ್ಟು ಕೊಡಲು ಆಗುತ್ತದೆಯೇ ಎಂದು ಅಪ್ಪನನ್ನು ಮೊದಲೇ ಕೇಳು. ಆಗದಿದ್ದರೆ ಅರ್ಜಿ ಹಾಕಬೇಡ.

ಇನ್ನು ಕಾಗದಪತ್ರ. ಅಂಕ ಬಂದಿದ್ದರೂ ಪ್ರಮಾಣಪತ್ರವಿಲ್ಲದೆ ಮೀಸಲಾತಿ ಕೈತಪ್ಪಿದ ಮಕ್ಕಳು ಪ್ರತಿ ವರ್ಷ ಇರುತ್ತಾರೆ, ಅದು ನನಗೆ ಅತ್ಯಂತ ನೋವು ಕೊಡುವ ವಿಷಯ. 371(ಜೆ) ಅರ್ಹತಾ ಪ್ರಮಾಣಪತ್ರವನ್ನು ಕೊಡುವವರು ನಿಮ್ಮ ಉಪವಿಭಾಗದ ಸಹಾಯಕ ಆಯುಕ್ತರು. ಗ್ರಾಮೀಣ ಮತ್ತು ಕನ್ನಡ ಮಾಧ್ಯಮ ವ್ಯಾಸಂಗದ ಪ್ರಮಾಣಪತ್ರಗಳಿಗೆ ನೀನು ಓದಿದ ಶಾಲೆಯ ಮುಖ್ಯ ಶಿಕ್ಷಕರ ಸಹಿ, ಅದರ ಮೇಲೆ ಕ್ಷೇತ್ರ ಶಿಕ್ಷಣಾಧಿಕಾರಿಗಳ ಮೇಲುಸಹಿ ಬೇಕು. ಜಾತಿ-ಆದಾಯ ಪ್ರಮಾಣಪತ್ರದ ಮೇಲಿರುವ ಗುರುತಿನ ಸಂಖ್ಯೆಯನ್ನು (ಆರ್‌ಡಿ ಸಂಖ್ಯೆ) ಸಿಇಟಿ ಅರ್ಜಿಯಲ್ಲಿ ತುಂಬಬೇಕಾಗುತ್ತದೆ, ಅದರ ಅವಧಿ ಮುಗಿದಿದೆಯೇ ನೋಡು. ಕೃಷಿಕರ ಕೋಟಾಕ್ಕೆ ತಹಶೀಲ್ದಾರರ ಪ್ರಮಾಣಪತ್ರ ಬೇಕು. ಸಿಇಟಿ ಅರ್ಜಿ ಸಾಮಾನ್ಯವಾಗಿ ವರ್ಷದ ಆರಂಭದ ತಿಂಗಳುಗಳಲ್ಲಿ ಬರುತ್ತದೆ, ಆಗ ನಾಡಕಚೇರಿಯಲ್ಲಿ ಸಾಲು ಉದ್ದ, ನಿನಗೆ ಪ್ರಾಯೋಗಿಕ ಪರೀಕ್ಷೆ. ಈ ಓಡಾಟವನ್ನು ದೀಪಾವಳಿಯೊಳಗೆ ಮುಗಿಸಲು ಮಾವನಿಗೆ ಒಪ್ಪಿಸು. ಎಲ್ಲ ಕಾಗದಗಳಲ್ಲಿಯೂ ನಿನ್ನ ಮತ್ತು ಅಪ್ಪನ ಹೆಸರಿನ ಅಕ್ಷರಗಳು ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ ಇದ್ದಂತೆಯೇ ಇರಬೇಕು. ಆಧಾರ್‌ನಲ್ಲಿ ವ್ಯತ್ಯಾಸವಿದ್ದರೆ ಮೊದಲು ಅದನ್ನು ತಿದ್ದಿಸಿ, ಆಮೇಲೆ ಉಳಿದವುಗಳಿಗೆ ಅರ್ಜಿ ಹಾಕಿಸು.